ಕೊಡುವವಳ ರುಜು

ರಂಜಲಕಟ್ಟೆಯ ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಮಮತಾ ನಾಯ್ಕ ಕೂತು ಹದಿನಾಲ್ಕು ವರ್ಷವಾಗಿತ್ತು. ಸಿದ್ದಾಪುರ ತಾಲೂಕಿನ ಆ ಮೂಲೆಗೆ ಡಾಕ್ಟರುಗಳು ಬರುತ್ತಿದ್ದರು, ವರ್ಷ ತುಂಬುವುದರೊಳಗೆ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಊರವರ ಬಾಯಿಗೆ ಒಬ್ಬರ ಹೆಸರು ಹತ್ತುವ ಮೊದಲೇ ಇನ್ನೊಬ್ಬರು ಬಂದಿರುತ್ತಿದ್ದರು. ಮಮತಕ್ಕ ಮಾತ್ರ ಇದ್ದಲ್ಲೇ ಇದ್ದಳು.

ಕೋಲಸಿರ್ಸಿಯ ಕೆರಿಯಪ್ಪನ ಮಗಳು ಅವಳು. ಗದ್ದೆ ಕೆಲಸ ಬಿಟ್ಟರೆ ಬೇರೊಂದು ಕಾಣದ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದ ಮೊದಲ ಹೆಣ್ಣು. ಸಿರ್ಸಿಯ ಹಾಸ್ಟೆಲಿನಲ್ಲಿದ್ದು ಫಾರ್ಮಸಿ ಓದಿ, ಸರಕಾರಿ ನೌಕರಿ ಹಿಡಿದು, ದಿನಾ ಕೋಲಸಿರ್ಸಿಯಿಂದ ಸ್ಕೂಟಿಯಲ್ಲಿ ಬಂದು ಒಂಬತ್ತಕ್ಕೆ ಸರಿಯಾಗಿ ಕಿಟಕಿ ತೆಗೆಯುತ್ತಿದ್ದಳು. ಗುಳಿಗೆ ಕೊಟ್ಟು ಸುಮ್ಮನೆ ಸಾಗಹಾಕುವವಳಲ್ಲ. "ಎಲ್ಲಿ, ಈಗ ನೀವು ಹೇಳಿ ನೋಡ್ವ, ಇದು ಯಾವಾಗ ತಗಳೂದು?" ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಿದ ಮೇಲೆ ಚೀಟಿ ವಾಪಸು ಕೊಡುತ್ತಿದ್ದಳು. ಇಷ್ಟು ವರ್ಷದಲ್ಲಿ ತನ್ನ ಕಿಟಕಿಯಿಂದ ಒಂದೇ ಒಂದು ತಪ್ಪು ಗುಳಿಗೆ ಹೊರಗೆ ಹೋಗಿಲ್ಲ ಎನ್ನುವುದು ಅವಳ ಹೆಮ್ಮೆ. ಹೇಳಿಕೊಂಡು ತಿರುಗುತ್ತಿರಲಿಲ್ಲ, ಆದರೆ ಒಳಗೆ ಇತ್ತು.

ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಒಂದು ಜೂನ್ ತಿಂಗಳ ಎರಡನೇ ಮಂಗಳವಾರ.

ಎರಡನೇ ಮಂಗಳವಾರವೆಂದರೆ ಜಿಲ್ಲೆಯಿಂದ ಮನೋರೋಗ ತಜ್ಞರು ಬರುವ ದಿನ. ಬೆಳಗಿನ ಬಸ್ಸಿಗೇ ಜನ ಬಂದು ವರಾಂಡದಲ್ಲಿ ಕೂರುತ್ತಿದ್ದರು. ಹತ್ತಿರ ಹತ್ತಿರ ಎಪ್ಪತ್ತು ಮಂದಿ. ಹೆಚ್ಚುಕಡಿಮೆ ಎಲ್ಲರ ಕೈಯಲ್ಲೂ ಸರಕಾರದ ಆರೋಗ್ಯ ಕಾರ್ಡು. ಆ ಕಾರ್ಡಿದ್ದರೆ ದೊಡ್ಡಾಸ್ಪತ್ರೆಯಲ್ಲಿ ಮಲಗಿಸಿಕೊಳ್ಳುವುದೂ ಪುಕ್ಕಟೆ, ಇಲ್ಲಿ ತಿಂಗಳ ಗುಳಿಗೆಯೂ ಪುಕ್ಕಟೆ. ಒಬ್ಬ ತಜ್ಞರು ಮಧ್ಯಾಹ್ನದೊಳಗೆ ಅಷ್ಟೂ ಜನರನ್ನು ನೋಡಿ ಮುಗಿಸಬೇಕು. ಹಾಗಾಗಿ ಹಳಬರ ಚೀಟಿಯ ಮೇಲೆ "ಅದೇ ಮುಂದುವರಿಸಿ" ಎಂದು ಬರೆಯುವುದು ರೂಢಿಯಾಗಿಬಿಟ್ಟಿತ್ತು. ರೋಗಿಯ ಬದಲು ಮನೆಯವರು ಯಾರಾದರೂ ಬಂದು ಗುಳಿಗೆ ಒಯ್ದರೂ ನಡೆಯುತ್ತಿತ್ತು.

ನಿಲ್ಕುಂದದ ವೆಂಕಟ್ರಮಣ ಭಟ್ಟರು ಹಾಗೆ ಮೂರು ವರ್ಷ ಹೆಂಡತಿಯ ಔಷಧಿ ಒಯ್ದವರು. ಮದುವೆ ಮುಂಜಿಯ ಅಡಿಗೆಗೆ ಹೋಗುವ ಬಡ ಮನುಷ್ಯ, ಮಾತು ಕಡಿಮೆ. ಆದರೆ ಮೇ ತಿಂಗಳಿಂದ ಹೊಸದಾಗಿ ಬಂದ ತಜ್ಞೆ, ಡಾಕ್ಟರು ಅಭಿಜ್ಞಾ ಹೆಗಡೆ, "ಮುಖ ನೋಡದೆ ಬರೆದುಕೊಡೂದಿಲ್ಲ, ಮುಂದಿನ ತಿಂಗಳು ಕರ್ಕೊಂಡು ಬನ್ನಿ" ಎಂದು ಎಲ್ಲರಿಗೂ ಹೇಳಿ ಕಳಿಸಿದ್ದರು. ಆದ್ದರಿಂದ ಭಟ್ಟರು ಆ ದಿನ ಹೆಂಡತಿಯನ್ನು ಕರೆತಂದಿದ್ದರು.

ಕಿಟಕಿಯ ಮುಂದೆ ಬಂದು ನಿಂತ ಹೆಂಗಸಿನ ಮುಖದಲ್ಲಿ ನಗುವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಹೆಜ್ಜೆ ಎತ್ತಿಡುವ ಬದಲು ಉಜ್ಜಿಕೊಂಡು ಬಂದಿದ್ದಳು. ತುಟಿಯ ಅಂಚಿನಲ್ಲಿ ಜೊಲ್ಲು. ಮಮತಾ ರಿಜಿಸ್ಟರನ್ನು ಮುಂದೆ ತಳ್ಳಿ, "ಇಲ್ಲೊಂದು ರುಜು ಹಾಕಿ ಅಮ್ಮಾ" ಎಂದಳು.

ಅವಳು ಪೆನ್ನು ಹಿಡಿದಳು. ಕೈ ಜರಡಿ ಆಡಿಸಿದ ಹಾಗೆ ಆಡುತ್ತಿತ್ತು. ಕಾಗದದ ಮೇಲೆ ಎರಡು ಗೀಟು ಬಿತ್ತು, ಪೆನ್ನು ಜಾರಿ ಕೆಳಗೆ ಬಿತ್ತು. ಗಂಡನ ಕಡೆ ತಿರುಗಿ ಬಲು ಮೆಲ್ಲಗೆ, "ಯಂಗೆ ಆಗ್ತಿಲ್ಲೆ. ಇದು ಯನ್ನ ಕೈಯೇ ಅಲ್ಲ ಹೇಳಿ ಆಗೋಯ್ದು" ಎಂದಳು.

"ಹೆದ್ರಡ, ಆನೇ ಹಾಕ್ತಿ" ಎಂದು ಭಟ್ಟರು ಪೆನ್ನು ಹೆಕ್ಕಿಕೊಂಡರು.

ಆ ಹೆಂಗಸಿನ ದನಿಯನ್ನು ಮಮತಾ ಎಲ್ಲೋ ಕೇಳಿದ್ದಳು. ಚೀಟಿಯ ಹೆಸರನ್ನು ಮತ್ತೊಮ್ಮೆ ಓದಿದಳು. ಸುಬ್ಬಲಕ್ಷ್ಮಿ ವೆಂಕಟ್ರಮಣ ಭಟ್ಟ.

"ಭಟ್ರೇ, ಇವ್ರು ತೊಡದೇವಿನ ಸುಬ್ಬಲಕ್ಷ್ಮಮ್ಮ ಅಲ್ವಾ?"

"ಹೌದು ಮಮತಕ್ಕಾ. ಅವಳೇ."

ಆರು ವರ್ಷದ ಹಿಂದೆ ಮಮತಾ ತಮ್ಮ ಪ್ರಮೋದನ ಮದುವೆಗೆಂದು ಇವರ ಮನೆಗೇ ಹೋಗಿ ತೊಡದೇವು ಎಂಬ ಸಿಹಿ ತಿಂಡಿ ತಂದಿದ್ದಳು. ಅಂದು ಭಟ್ಟರು ಅಡಿಗೆ ಕೆಲಸಕ್ಕೆ ಹೋಗಿದ್ದರು. ಒಲೆಯ ಮೇಲೆ ಬೋರಲು ಹಾಕಿದ ಮಡಕೆ, ಅದರ ಬೆನ್ನಿಗೆ ಅಕ್ಕಿಹಿಟ್ಟು ಕಲಸಿದ ಕಬ್ಬಿನ ಹಾಲನ್ನು ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಬೀಸಿಗೆ ಎಳೆಯಬೇಕು. ಕೈ ಒಂದು ಕ್ಷಣ ತಡೆದರೆ ಹರಿಯಿತು. ಈ ಹೆಂಗಸು ಮಾತಾಡುತ್ತ, ನಗುತ್ತ, ಕಾಗದಕ್ಕಿಂತ ತೆಳ್ಳಗೆ ನೂರಾರು ಎಳೆದು ಮಡಿಸಿಟ್ಟಿದ್ದಳು. ಆ ಕೈ ಇದು.

ಮಮತಾ ಔಷಧಿ ತೆಗೆದಳು. ಬೆಳಿಗ್ಗೆಗೆ ರಿಸ್ಪೆರಿಡೋನ್. ರಾತ್ರಿಗೆ ಒಲಾಂಜಪಿನ್. ಎರಡು ಹೊತ್ತಿಗೂ ಹ್ಯಾಲೋಪೆರಿಡಾಲ್. ಮೂರೂ ಒಂದೇ ಜಾತಿಯವು, ಒಂದೇ ಕಾಯಿಲೆಗೆ ಕೊಡುವಂಥವು. ನಾಲ್ಕನೆಯದು, ಆ ಮೂರರಿಂದ ಬರುವ ನಡುಕಕ್ಕೆ. ಮೂರು ವರ್ಷದಿಂದ ತಾನೇ ಎಣಿಸಿ ಕೊಟ್ಟದ್ದು. ಚೀಟಿಯಲ್ಲಿ ಇದ್ದದ್ದನ್ನೇ ಕೊಟ್ಟಿದ್ದಳು, ಒಂದೂ ತಪ್ಪಿರಲಿಲ್ಲ. ಆದರೂ ಆ ದಿನ ಸ್ಟ್ರಿಪ್ ಹರಿಯುವಾಗ ಅವಳ ಕೈ ಹಿಂದೆ ಮುಂದೆ ನೋಡಿತು.

ಮಧ್ಯಾಹ್ನ ಕಿಟಕಿ ಹಾಕಿದವಳು ಊಟದ ಡಬ್ಬಿ ತೆಗೆಯಲಿಲ್ಲ. ಕಪಾಟಿನಿಂದ ಸುಬ್ಬಲಕ್ಷ್ಮಿಯ ಕಡತ ಹುಡುಕಿ ತೆಗೆದಳು. ನಾಲ್ಕು ವರ್ಷದ ಹಿಂದೆ ಸುಬ್ಬಲಕ್ಷ್ಮಿ ಕಿವಿಯಲ್ಲಿ ಯಾರೋ ಬೈಯುತ್ತಾರೆಂದು ಮನೆ ಬಿಟ್ಟು ಓಡಿದ್ದಳು. ಕಾರ್ಡಿನ ಮೇಲೆ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಇಟ್ಟಿದ್ದರು. ಮೊದಲು ಒಲಾಂಜಪಿನ್ ಕೊಟ್ಟಿದ್ದರು, ಸಾಲಲಿಲ್ಲ. ರಿಸ್ಪೆರಿಡೋನ್ ಶುರು ಮಾಡಿದರು. ಹಳೆಯದನ್ನು ಇಳಿಸುವ ಮೊದಲೇ ಕಾರ್ಡಿನಲ್ಲಿ ಮಂಜೂರಾದ ದಿನ ಮುಗಿದು ಮನೆಗೆ ಕಳಿಸಿದ್ದರು. ಬಿಡುಗಡೆಯ ಕಾಗದದ ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತಿತ್ತು: ಒಲಾಂಜಪಿನ್ ನಿಧಾನವಾಗಿ ಇಳಿಸಿ ನಿಲ್ಲಿಸುವುದು. ಯಾರೂ ಇಳಿಸಿರಲಿಲ್ಲ. ಆಮೇಲೆ ಇಲ್ಲಿ ಯಾರೋ ಒಬ್ಬ ಡಾಕ್ಟರು, ನಿದ್ದೆ ಇಲ್ಲವೆಂದಾಗ ಹ್ಯಾಲೋಪೆರಿಡಾಲ್ ಸೇರಿಸಿದ್ದರು, ಎರಡು ವಾರಕ್ಕೆ ಎಂದು ಸ್ಪಷ್ಟವಾಗಿ ಬರೆದು. ಆ ಎರಡು ವಾರ ಮೂರು ವರ್ಷವಾಗಿತ್ತು. ಕೊಟ್ಟವರೆಲ್ಲ ಒಳ್ಳೆಯದಕ್ಕೇ ಕೊಟ್ಟಿದ್ದರು. ತೆಗೆಯಲು ಮಾತ್ರ ಒಬ್ಬರೂ ಇರಲಿಲ್ಲ.

ಒಂದು ಕಡತ ನೋಡಿದವಳಿಗೆ ಉಳಿದದ್ದನ್ನು ನೋಡದೆ ಇರಲಾಗಲಿಲ್ಲ. ಆ ವಾರವೆಲ್ಲ ಸಂಜೆ ಒಂದು ತಾಸು ಹೆಚ್ಚು ಕೂತಳು. ಈ ಜಾತಿಯ ಔಷಧಿ ತಿನ್ನುವ ಕಾರ್ಡಿನವರು ನಲವತ್ತೊಂದು ಮಂದಿ. ಅದರಲ್ಲಿ ಎರಡೋ ಮೂರೋ ಒಟ್ಟಿಗೆ ತಿನ್ನುವವರು ಇಪ್ಪತ್ತಾರು. ಒಂದೊಂದು ಪುಟದ ಕೆಳಗೂ 'ಕೊಟ್ಟವರು' ಎಂಬಲ್ಲಿ ಅವಳದೇ ದುಂಡನೆಯ ರುಜು.

ಶನಿವಾರ ಮನೆಯಲ್ಲಿ ಅವಳು ಅನ್ನ ಕಲಸಿ ಉಣ್ಣದೆ ಕೂತದ್ದನ್ನು ಕಂಡು ಕೆರಿಯಪ್ಪ ಕೇಳಿದ, "ಎಂತಾ ಆತೇ ಮಗಾ? ವಾರದಿಂದ ನೋಡ್ತಾ ಇದ್ದೆ."

ಅವಳು ಹೇಳಿದಳು. ಔಷಧಿಯ ಹೆಸರು ಹೇಳದೆ, ಆದದ್ದನ್ನು ಹೇಳಿದಳು. ಕೆರಿಯಪ್ಪ ಕೈ ತೊಳೆದು ಬಂದು ಮತ್ತೆ ಕೂತ.

"ದುಡ್ಡು ಕೊಟ್ಟು ತಗಂಡವ್ರು ಹಿಂಗೆ ಬಿಡ್ತಿದ್ರನೇ?"

"ಇಲ್ಲ ಅಪ್ಪಯ್ಯ. ಅವ್ರು ಬಾಯಿ ಒಣಗಿದ್ರೂ ಮಾರನೇ ದಿನ ಡಾಕ್ಟರಿಗೆ ಫೋನ್ ಮಾಡ್ತಾರೆ. ಇವ್ರು ಪುಕ್ಕಟೆ ಸಿಕ್ಕಿದ್ದನ್ನ ಕೇಳೂದು ಹೆಂಗೆ ಅಂತ ನುಂಗ್ತಾರೆ."

"ಹಂಗಾರೆ ಅವ್ರ ಪರವಾಗಿ ನೀನು ಕೇಳು. ಕಿಟಕಿಯಲ್ಲಿ ಕೂತವ್ಳು ನೀನೇ ಅಲ್ವನೇ?"

ಸೋಮವಾರ ಅವಳು ಆ ಇಪ್ಪತ್ತಾರು ಮಂದಿಯ ಪಟ್ಟಿಯನ್ನು ನಾಲ್ಕು ಹಾಳೆಯಲ್ಲಿ ಬರೆದುಕೊಂಡು ಆಸ್ಪತ್ರೆಯ ಹಿರಿಯ ಡಾಕ್ಟರು ಉಲ್ಲಾಸರ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ, ಕೆಲಸದ ಹೊರೆಯಲ್ಲಿ ಹೈರಾಣಾದವರು. ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು.

"ಮಮತಾ ಅವ್ರೇ, ಬರೆಯೋದು ಅವ್ರ ಕೆಲಸ, ಕೊಡೋದು ನಿಮ್ಮ ಕೆಲಸ. ಔಷಧಿ ಕಡಿಮೆ ಮಾಡಿ ಯಾರಾದ್ರೂ ಕತ್ತಿ ಹಿಡ್ಕೊಂಡು ಓಡಾಡಿದ್ರೆ ಯಾರು ಜವಾಬ್ದಾರಿ?"

"ಈಗ ನೆಟ್ಟಗೆ ಓಡಾಡೋಕೇ ಆಗದ ಹಾಗೆ ಆಗಿದ್ದಾರಲ್ಲ ಸರ್, ಅದಕ್ಕೆ ಯಾರು ಜವಾಬ್ದಾರಿ? ಕೆಳಗೆ ರುಜು ನಂದಿದೆ."

ಉಲ್ಲಾಸರು ಹಾಳೆಗಳನ್ನು ಮತ್ತೊಮ್ಮೆ ತಿರುವಿದರು. "ತಜ್ಞರ ಹತ್ರ ಕೇಳಿ. ನನ್ನ ಅಡ್ಡಿ ಇಲ್ಲ. ನಾನು ಹೇಳಿದ್ದು ಅಂತ ಮಾತ್ರ ಹೇಳಬೇಡಿ" ಎಂದು ಪಟ್ಟಿಯನ್ನು ಹಿಂದಿರುಗಿಸಿದರು.

ಜುಲೈ ತಿಂಗಳ ಮಂಗಳವಾರ ಕೊನೆಯ ರೋಗಿ ಹೊರಗೆ ಹೋಗುವವರೆಗೆ ಕಾದು, ಮಮತಾ ಡಾಕ್ಟರು ಅಭಿಜ್ಞಾರ ಎದುರು ಆ ನಾಲ್ಕು ಹಾಳೆ ಇಟ್ಟಳು. ಅಭಿಜ್ಞಾ ಯಲ್ಲಾಪುರದ ಕಡೆಯವರು, ವಯಸ್ಸು ಮೂವತ್ತೆರಡೋ ಮೂವತ್ಮೂರೋ. ಬೆಳಗಿನಿಂದ ನೀರು ಕುಡಿಯಲೂ ಎದ್ದಿರಲಿಲ್ಲ. ಮೊದಲ ಹಾಳೆ ನೋಡುತ್ತಲೇ ದನಿ ಗಡುಸಾಯಿತು.

"ಇವನ್ನ ಒಮ್ಮೆಲೇ ನಿಲ್ಸಿದ್ರೆ ಎಂತ ಆಗ್ತದೆ ಹೇಳಿ ಗೊತ್ತಿದೆಯಾ ನಿಮಗೆ?"

"ಗೊತ್ತಿದೆ ಮೇಡಂ. ಅದಕ್ಕೇ ಯಾವ ರೋಗಿ ಹತ್ರವೂ ಒಂದು ಮಾತು ಆಡ್ಲಿಲ್ಲ. ಮೊದಲು ನಿಮ್ಮ ಹತ್ರವೇ ಬಂದೆ."

ಆ ಉತ್ತರಕ್ಕೆ ಅಭಿಜ್ಞಾ ತಲೆ ಎತ್ತಿ ಅವಳನ್ನು ನೋಡಿದರು. ಆಮೇಲೆ ಸುಬ್ಬಲಕ್ಷ್ಮಿಯ ಕಡತ ತೆಗೆದು ಆ ಬಿಡುಗಡೆಯ ಕಾಗದದ ಮೂಲೆಯನ್ನು ಓದಿದರು. ಎರಡು ಸಲ ಓದಿದರು. "ಹೋದ ತಿಂಗಳು ನಾನೂ ಮುಂದುವರಿಸಿ ಹೇಳಿ ಬರೆದಿದ್ದೇನಲ್ಲ" ಎಂದರು. ಅದನ್ನು ಮಮತಾಳಿಗೆ ಹೇಳಿದ್ದಲ್ಲ, ತಮಗೇ ಹೇಳಿಕೊಂಡದ್ದು.

"ಒಬ್ಬರಿಗೆ ನಾಲ್ಕು ನಿಮಿಷ ಸಿಕ್ಕರೆ ಹೆಚ್ಚು ಮೇಡಂ. ಹಳೇ ಕಾಗದ ಓದೂದು ಯಾವಾಗ? ಓದೂದು ನನಗೆ ಬಿಡಿ. ಪ್ರತಿ ಮಂಗಳವಾರದ ಮುಂಚೆ ನಾನು ಒಂದು ಪುಟದಲ್ಲಿ ಬರೆದಿಡ್ತೆ. ಯಾವುದು ಯಾವಾಗ ಶುರುವಾಯ್ತು, ಎಷ್ಟು ದಿನಕ್ಕೆ ಅಂತ ಇತ್ತು. ಇಳಿಸೂದೋ ಬಿಡೂದೋ ನೀವು ಹೇಳಿ."

ಅಭಿಜ್ಞಾ ಹಾಳೆಗಳನ್ನು ಬ್ಯಾಗಿಗೆ ಹಾಕಿಕೊಂಡರು. ಮೂರನೇ ದಿನ ಅವರೇ ಫೋನ್ ಮಾಡಿ, "ನಿಮ್ಮ ಲೆಕ್ಕ ಸರಿ ಇದೆ ಮಮತಾ. ಸುಬ್ಬಲಕ್ಷ್ಮಿಯವರಿಂದಲೇ ಶುರು ಮಾಡ್ವ. ಆದ್ರೆ ಆಮೆ ನಡಿಗೆಯಲ್ಲಿ" ಎಂದರು.

ಆಮೆ ನಡಿಗೆಯೇ ಆಯಿತು. ಮೊದಲು ಹ್ಯಾಲೋಪೆರಿಡಾಲ್ ಅರ್ಧ, ಮೂರು ವಾರ ಬಿಟ್ಟು ಕಾಲು, ಆಮೇಲೆ ಪೂರ್ತಿ ನಿಂತಿತು. ಮಮತಾ ವಾರಕ್ಕೆರಡು ಸಲ ನಿಲ್ಕುಂದಕ್ಕೆ ಫೋನ್ ಮಾಡುತ್ತಿದ್ದಳು. ನಿದ್ದೆ ಹೇಗಿದೆ, ಊಟ ಹೇಗಿದೆ, ಒಬ್ಬರೇ ಮಾತಾಡುತ್ತಾರಾ ಎಂದು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದಳು. ಗಣೇಶ ಚೌತಿಯ ಹೊತ್ತಿಗೆ ಸುಬ್ಬಲಕ್ಷ್ಮಿ ಕಾಲೆತ್ತಿ ನಡೆಯತೊಡಗಿದ್ದಳು. ಭಟ್ಟರು ಫೋನಿನಲ್ಲಿ, "ನಿನ್ನೆ ಸಾರಿಗೆ ಉಪ್ಪು ಸಾಲ ಅಂತ ನನ್ನನ್ನ ಬೈದಳು ಮಮತಕ್ಕಾ" ಎಂದು ಎರಡೆರಡು ಸಲ ಹೇಳಿದರು.

ಒಲಾಂಜಪಿನ್ ಇಳಿಸಲು ಹೊರಟಾಗ ಎಡವಟ್ಟಾಯಿತು. ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಭಟ್ಟರ ಫೋನು. ಎರಡು ದಿನದಿಂದ ಕಣ್ಣು ಮುಚ್ಚಿಲ್ಲ, ಅಟ್ಟದ ಮೇಲೆ ಯಾರೋ ಪಿಸುಗುಡುತ್ತಾರೆ ಅನ್ನುತ್ತಾಳೆ. ಮಮತಾಳಿಗೆ ಉಲ್ಲಾಸರ ಕತ್ತಿಯ ಮಾತು ನೆನಪಾಯಿತು. ಅಭಿಜ್ಞಾರಿಗೆ ಫೋನ್ ಹಚ್ಚಿದಳು. ಅವರು ಗಾಬರಿಯಾಗಲಿಲ್ಲ. ಒಂದೊಂದೇ ಪ್ರಶ್ನೆ ಕೇಳಿ, "ಒಂದು ಮೆಟ್ಟಿಲು ಹಿಂದೆ ಹೋಗಿ. ಹೋದ ತಿಂಗಳು ಇದ್ದಷ್ಟೇ ಕೊಡಿ. ಎರಡು ತಿಂಗಳು ಅಲ್ಲೇ ನಿಲ್ಲುವ. ನಾಳೆ ನಾನೇ ಅವ್ರ ಹತ್ರ ಮಾತಾಡ್ತೆ" ಎಂದರು.

ಭಟ್ಟರ ಮನೆಯಲ್ಲಿ ಆ ಪ್ರಮಾಣದ ಗುಳಿಗೆ ಇರಲಿಲ್ಲ. ಉಲ್ಲಾಸರಿಗೆ ತಿಳಿಸಿ, ಆಸ್ಪತ್ರೆಯಿಂದ ಗುಳಿಗೆ ತೆಗೆದು ಮಮತಾ ಸ್ಕೂಟಿಯಲ್ಲಿ ನಿಲ್ಕುಂದಕ್ಕೆ ಹೋದಳು. ಸುಬ್ಬಲಕ್ಷ್ಮಿ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ಆದರೆ ಆ ಕಣ್ಣಲ್ಲಿ ಈಗ ಭಯ ಕಾಣುತ್ತಿತ್ತು. ಜೂನ್ ತಿಂಗಳಲ್ಲಿ ಅದೂ ಇರಲಿಲ್ಲ.

"ಮತ್ತೆ ಆ ಊರಿಗೆ ಕಳಿಸ್ತೀರಾ ನನ್ನ?"

"ಇಲ್ಲಮ್ಮಾ."

"ಮತ್ತೆ ಮೂರೂ ಕೊಡ್ತೀರಾ?"

"ಅದೂ ಇಲ್ಲ. ಬೇಗ ಬೇಗ ಇಳಿದ್ವಿ, ಒಂದು ಮೆಟ್ಟಿಲು ಹತ್ತಿ ಕೂರುವ. ಧ್ವನಿ ಕೇಳಿದ್ರೆ ಮುಚ್ಚಿಡಬೇಡಿ, ಭಟ್ರಿಗೆ ಹೇಳಿ. ನೀವು ಹೇಳಿದ್ರೆ ಮಾತ್ರ ನಮಗೆ ಗೊತ್ತಾಗೂದು."

ಸುಬ್ಬಲಕ್ಷ್ಮಿ ಅವಳ ಮುಖವನ್ನೇ ನೋಡಿದಳು. "ನಾಲ್ಕು ವರ್ಷದಲ್ಲಿ ನನ್ನ ಹತ್ರ ಹೀಗೆ ಯಾರೂ ಕೇಳಲೇ ಇಲ್ಲ. ಇವರ ಹತ್ರವೇ ಕೇಳ್ತಿದ್ರು" ಎಂದಳು.

ಹತ್ತು ದಿನದಲ್ಲಿ ಅಟ್ಟದ ಪಿಸುಮಾತು ನಿಂತಿತು. ಹೊಸ ವರ್ಷದ ಹೊತ್ತಿಗೆ ಮತ್ತೆ ಇಳಿಸತೊಡಗಿದರು, ಈ ಸಲ ಇನ್ನೂ ನಿಧಾನ. ಮಾರ್ಚಿನ ಮೊದಲ ವಾರಕ್ಕೆ ಉಳಿದದ್ದು ಒಂದೇ ಗುಳಿಗೆ, ರಿಸ್ಪೆರಿಡೋನ್. ನಡುಕವಿಲ್ಲವೆಂದ ಮೇಲೆ ನಡುಕದ ಗುಳಿಗೆಯದೂ ಕೆಲಸ ಮುಗಿದಿತ್ತು. ಕಾಯಿಲೆ ಹೋಗಿರಲಿಲ್ಲ. ಆ ಒಂದು ಗುಳಿಗೆ ಬಹುಶಃ ಬದುಕಿಡೀ ಬೇಕು ಎಂದು ಅಭಿಜ್ಞಾ ಸ್ಪಷ್ಟವಾಗಿಯೇ ಹೇಳಿದ್ದರು. ಸುಬ್ಬಲಕ್ಷ್ಮಿ ಅದಕ್ಕೆ ತಲೆ ಆಡಿಸಿ, "ಒಂದು ತಾನೇ, ತಗಳ್ತೆ" ಎಂದಿದ್ದಳು.

ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆಯ ಕೊನೆಯ ದಿನಗಳಲ್ಲಿ ಭಟ್ಟರು ಮಮತಾಳನ್ನು ಮನೆಗೆ ಕರೆದರು. ಅವಳು ಹೋದಾಗ ಒಲೆಯ ಮೇಲೆ ಮಡಕೆ ಬೋರಲು ಬಿದ್ದಿತ್ತು. ಸುಬ್ಬಲಕ್ಷ್ಮಿ ಸೆರಗು ಸಿಕ್ಕಿಸಿ ಕೂತಿದ್ದಳು. ಮೊದಲನೆಯದು ಹರಿಯಿತು. ಎರಡನೆಯದೂ ಹರಿಯಿತು. ಮೂರನೆಯದು ಅರ್ಧದವರೆಗೆ ಬಂದು ಮುದ್ದೆಯಾಯಿತು. ಭಟ್ಟರು ಏನೋ ಹೇಳಹೊರಟರು, ಅವಳು ಕೈ ತೋರಿಸಿ ತಡೆದಳು. ನಾಲ್ಕನೆಯದಕ್ಕೆ ಕೋಲು ಅದ್ದಿ, ಉಸಿರು ಹಿಡಿದು, ಒಂದೇ ಬೀಸು. ಮಡಕೆಯ ಬೆನ್ನ ಮೇಲೆ ತೆಳ್ಳನೆಯ ಪದರ ಚಿರ್ರೆಂದು ಅಂಚು ಬಿಟ್ಟು ಎದ್ದಿತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಗಂಡನ ಕಡೆ ತಿರುಗಿದಳು.

"ನೋಡಿ. ಇದು ಯನ್ನ ಕೈ."

ಮಮತಾ ಅಡಿಗೆಮನೆಯ ಬಾಗಿಲಿಂದ ಆಚೆ ಬಂದು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಳು. ಕಣ್ಣು ಒರೆಸಿಕೊಳ್ಳಬೇಕಾಗಿತ್ತು. ತಪ್ಪು ಗುಳಿಗೆ ಕೊಟ್ಟಿಲ್ಲ ಎಂಬ ಹಳೆಯ ಹೆಮ್ಮೆ ಅವಳಿಗೆ ಈಗ ಬಹಳ ಚಿಕ್ಕದಾಗಿ ಕಂಡಿತು.

ಇಪ್ಪತ್ತಾರು ಮಂದಿಯಲ್ಲಿ ಹದಿನೈದು ಜನ ಒಂದು ವರ್ಷದೊಳಗೆ ಒಂದೇ ಔಷಧಿಗೆ ಬಂದರು. ಕೆಲವರದು ಇನ್ನೂ ಇಳಿಯುತ್ತಿತ್ತು. ಮೂವರಿಗೆ ಎರಡು ಬೇಕೇ ಬೇಕು ಎಂದು ಅಭಿಜ್ಞಾ ನಿರ್ಧರಿಸಿ, ಏಕೆ ಎಂದು ಕಾರಣವನ್ನೂ ಚೀಟಿಯಲ್ಲಿ ಬರೆದರು. ಡಾಕ್ಟರು ಉಲ್ಲಾಸರು ಒಂದು ದಿನ ತಾವಾಗಿ ಕಿಟಕಿಗೆ ಬಂದು, "ನಿಮ್ಮ ಆ ಪುಟವನ್ನ ಇನ್ನು ಮೇಲೆ ಎಲ್ಲ ಕಡತಕ್ಕೂ ಹಚ್ಚಿ. ಆದೇಶ ನಾನು ಹಾಕ್ತೀನಿ, ನನ್ನ ಹೆಸರಲ್ಲೇ" ಎಂದರು. ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕಿನ ಡಾಕ್ಟರು, ಔಷಧಿ ಅಧಿಕಾರಿಗಳ ಸಭೆಗೆ ಅವಳ ಹೆಸರು ಕಳಿಸಿದವರೂ ಅವರೇ.

ಸಭೆ ಸಿರ್ಸಿಯಲ್ಲಿ. ಕೆರಿಯಪ್ಪ ಕರೆಯದಿದ್ದರೂ ಹೊರಟು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬಸ್ಸಿನಲ್ಲಿ ಮಗಳ ಪಕ್ಕ ಕೂತು ಬಂದು, ಸಭೆಯ ಹಿಂದಿನ ಸಾಲಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಮಮತಾ ಮೈಕಿನ ಮುಂದೆ ನಿಂತಾಗ ಮೊದಲೆರಡು ಮಾತು ತೊದಲಿತು. ಆಮೇಲೆ ಕಿಟಕಿಯಲ್ಲಿ ಕೂತು ಹೇಳುವ ಹಾಗೆಯೇ ಹೇಳಿದಳು. ಹೆಸರಿಲ್ಲದೆ, ಊರಿಲ್ಲದೆ, ಒಬ್ಬ ಹೆಂಗಸಿನ ನಾಲ್ಕು ವರ್ಷದ ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಅಕ್ಟೋಬರಿನ ಎಡವಟ್ಟನ್ನೂ ಮುಚ್ಚಿಡಲಿಲ್ಲ.

ಮುಂದಿನ ಸಾಲಿನಿಂದ ಒಬ್ಬ ಹಿರಿಯ ಡಾಕ್ಟರು ಎದ್ದರು. "ಫಾರ್ಮಸಿಯವರು ತಜ್ಞರ ಚೀಟಿಯನ್ನ ಪ್ರಶ್ನೆ ಮಾಡೂದು ಯಾವ ಅಧಿಕಾರದಿಂದ?"

ಮಮತಾ ಉತ್ತರಕ್ಕೆ ಬಾಯಿ ತೆಗೆಯುವ ಮೊದಲೇ ಅಭಿಜ್ಞಾ ಎದ್ದು ನಿಂತರು.

"ಸರ್, ಆ ಚೀಟಿ ಬರೆದವರಲ್ಲಿ ನಾನೂ ಒಬ್ಬಳು. ಇವರು ಪ್ರಶ್ನೆ ಮಾಡ್ಲಿಲ್ಲ, ನನಗೆ ಓದೋಕೆ ಪುರಸೊತ್ತಾಗದ್ದನ್ನ ಓದಿಕೊಟ್ಟರು. ನಾನು ಇವರಿಗೆ ಋಣಿ."

ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಆ ಪುಟದ ನಮೂನೆ ನಮಗೂ ಒಂದು ಕಳಿಸಿ" ಎಂದು ಹೇಳಿ ಕೂತರು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರೇ ಚಪ್ಪಾಳೆ ಹೊಡೆದರು. ಅದು ಕೆರಿಯಪ್ಪ. ಆಮೇಲೆ ಉಳಿದವರೂ ಹೊಡೆದರು.

ಸಭೆ ಮುಗಿದು ಹೊರಗೆ ಬಂದಾಗ ಕೆರಿಯಪ್ಪ ಎದುರಿನ ಚಾ ಅಂಗಡಿಯಲ್ಲಿ ನಿಂತು ಅಂಗಡಿಯವನಿಗೆ ಹೇಳುತ್ತಿದ್ದ, "ಈಗ ಒಳಗೆ ಮೈಕಲ್ಲಿ ಮಾತಾಡಿದ್ಲಲ, ಅವ್ಳು ನನ್ನ ಮಗಳು. ಡಾಕ್ಟ್ರಲ್ಲ ಮತ್ತೆ. ಡಾಕ್ಟ್ರಿಗೇ ಹೇಳೂ ಅಂಥವ್ಳು."

"ಅಪ್ಪಯ್ಯ, ಸಾಕು ಮಾರಾಯ" ಎಂದು ಮಮತಾ ನಾಚಿಕೊಂಡು ಅವನ ತೋಳು ಹಿಡಿದಳು. ಆದರೆ ಎಳೆದುಕೊಂಡು ಹೋಗಲಿಲ್ಲ. ಚಾ ಮುಗಿಯುವವರೆಗೆ ಅಲ್ಲೇ ಪಕ್ಕದಲ್ಲಿ ನಿಂತಳು.

ಬಸ್ ನಿಲ್ದಾಣದಲ್ಲಿ ಫೋನ್ ಬಂತು. ಯಲ್ಲಾಪುರ ತಾಲೂಕಿನ ಒಂದು ಆಸ್ಪತ್ರೆಯಲ್ಲಿ ಔಷಧಿ ಕೊಡುವ ಸೌಮ್ಯ. ಸಭೆಯಲ್ಲಿ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದವಳು, ನೌಕರಿಗೆ ಸೇರಿ ವರ್ಷವೂ ಆಗಿರಲಿಲ್ಲ.

"ಅಕ್ಕಾ, ನಮ್ಮಲ್ಲೂ ಮೂವತ್ತೆಂಟು ಜನ ಇದ್ದಾರೆ. ಕಡತ ತೆಗೆದು ನೋಡೂಕೇ ಹೆದರಿಕೆ ಆಗ್ತದೆ. ಎಂತ ಮಾಡೂದು?"

"ಹೆದರಿಕೆ ಆಗೂದು ಒಳ್ಳೆಯದೇ. ನಿಮ್ಮಲ್ಲಿ ಯಾವ ವಾರ ತಜ್ಞರು ಬರೂದು?"

"ಮೂರನೇ ಗುರುವಾರ."

"ಹಾಗಾದ್ರೆ ಬುಧವಾರ ರಜೆ ಹಾಕಿ ಬರ್ತೆ. ಇಬ್ಬರೂ ಕೂತು ಓದುವ."

ಫೋನ್ ಇಟ್ಟಾಗ ಕೆರಿಯಪ್ಪ ಕೇಳಿದ, "ಯಾರೇ ಅದು?"

"ಯಲ್ಲಾಪುರಕ್ಕೆ ಕರೀತಿದ್ದಾರೆ ಅಪ್ಪಯ್ಯ."

"ಹೋಗು ಮತ್ತೆ" ಎಂದ ಕೆರಿಯಪ್ಪ, ಸಿದ್ದಾಪುರದ ಬಸ್ಸು ಬಂದದ್ದು ಕಂಡು ಮಗಳಿಗೆ ಕಿಟಕಿ ಪಕ್ಕದ ಸೀಟು ಹಿಡಿಯಲು ಮುಂದೆ ಓಡಿದ.